ಯಾರೂ ಕಾಣದ ತಪ್ಪು, ಎಲ್ಲರೂ ಕಂಡ ತಪ್ಪು

ಕೀರ್ತನೆಗಳ 15ನೆಯ ಅಧ್ಯಾಯದಲ್ಲಿರುವುದು ಐದೇ ವಚನ. ಯೆಹೋವನ ಪರಿಶುದ್ಧ ಪರ್ವತದಲ್ಲಿ ವಾಸಿಸಲು ಯೋಗ್ಯನು ಯಾರು ಎಂದು ಕೀರ್ತನೆಗಾರನು ಕೇಳುತ್ತಾನೆ. ಉತ್ತರದಲ್ಲಿ ಬಲಿಯ ಮಾತಿಲ್ಲ, ಉಪವಾಸದ ಮಾತೂ ಇಲ್ಲ. ಚಾಡಿ ಹೇಳದವನು, ಲಂಚ ತೆಗೆದುಕೊಂಡು ನಿರಪರಾಧಿಗೆ ಕೇಡು ಬಗೆಯದವನು, ಆಣೆಯಿಟ್ಟ ಮೇಲೆ ತನಗೇ ನಷ್ಟವಾದರೂ ಮಾತು ತಪ್ಪದವನು ಎಂದು ಬರೀ ನಡತೆಯನ್ನೇ ಅಲ್ಲಿ ಎಣಿಸಲಾಗಿದೆ. ನಷ್ಟವಾದರೂ ಮಾತು ತಪ್ಪದಿರುವ ಆ ಗುಣಕ್ಕೆ ಉದಾಹರಣೆ ಹುಡುಕಿದಾಗ ನನಗೆ ಮೊದಲು ಹೊಳೆಯುವುದು ಗಾಲ್ಫ್ ಆಟ. ಅದೇ ಗುಣಕ್ಕೆ ದ್ರೋಹ ಬಗೆದದ್ದಕ್ಕೆ ಉದಾಹರಣೆ ಬೇಕಾದರೂ ನಾನು ಅದೇ ಆಟದ ಕಡೆಗೇ ನೋಡಬೇಕಾಗುತ್ತದೆ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆಲ್ಲುತ್ತಾನೆ; ಪ್ರತಿ ಆಟಗಾರನ ಬೆನ್ನ ಹಿಂದೆ ಅಂಪೈರ್ ನಿಂತಿರುವುದಿಲ್ಲ. ನಿಯಮ ಮುರಿದವನು ತಾನೇ ಅದನ್ನು ಹೇಳಿ ದಂಡದ ಹೊಡೆತವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. 1925ರ ಯುಎಸ್ ಓಪನ್ ಟೂರ್ನಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದಾಗ, ಮೊದಲ ಸುತ್ತಿನ 11ನೆಯ ಹೋಲ್‌ನಲ್ಲಿ ಬಾಬಿ ಜೋನ್ಸ್ ಅವರ ಚೆಂಡು ಉದ್ದ ಹುಲ್ಲಿನಲ್ಲಿ ನಿಂತಿತ್ತು. ಹೊಡೆಯಲು ಅಣಿಯಾಗುವಾಗ ಕ್ಲಬ್ಬು ಹುಲ್ಲಿಗೆ ತಾಗಿ ಚೆಂಡು ಕೊಂಚ ಅಲುಗಿತು. ಜೊತೆಯಲ್ಲಿ ಆಡುತ್ತಿದ್ದ ವಾಲ್ಟರ್ ಹೇಗನ್ ಅದನ್ನು ಕಂಡಿರಲಿಲ್ಲ, ಅಧಿಕಾರಿಗಳೂ ಕಂಡಿರಲಿಲ್ಲ. ಜೋನ್ಸ್ ತಾವಾಗಿಯೇ ಹೇಳಿದರು. ವಿಚಾರಿಸಿದ ಅಧಿಕಾರಿಗಳು ತೀರ್ಮಾನವನ್ನು ಅವರಿಗೇ ಬಿಟ್ಟರು. ಅವರು ಒಂದು ಹೊಡೆತ ಸೇರಿಸಿಕೊಂಡರು. ನಾಲ್ಕು ಸುತ್ತು ಮುಗಿದಾಗ ಅವರೂ ವಿಲ್ಲೀ ಮೆಕ್‌ಫಾರ್ಲೇನ್ ಅವರೂ ಸಮನಾಗಿದ್ದರು. ಹದಿನೆಂಟು ಹೋಲ್‌ಗಳ ಪ್ಲೇಆಫ್ ಕೂಡ ಸಮವಾಯಿತು. ಮತ್ತೆ ಹದಿನೆಂಟು ಹೋಲ್‌ ಆಡಿದ ಮೇಲೆ ಜೋನ್ಸ್ ಒಂದೇ ಒಂದು ಹೊಡೆತದಿಂದ ಸೋತರು. ಆ ದಂಡ ಇಲ್ಲದಿದ್ದರೆ ಪ್ಲೇಆಫ್ ಇರುತ್ತಿರಲಿಲ್ಲ, ಬಹುಮಾನ ಅವರದೇ ಆಗಿರುತ್ತಿತ್ತು.

1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಸೆಂಜೊ ಅವರಿಗೆ ಆದದ್ದು ಇನ್ನೂ ಕಠಿಣ. ಕೊನೆಯ ದಿನ ಅವರು ಆಡಿದ್ದು 65 ಹೊಡೆತ. ಅವರ ಅಂಕಪಟ್ಟಿ ಬರೆಯುತ್ತಿದ್ದ ಜೊತೆ ಆಟಗಾರರು 17ನೆಯ ಹೋಲ್‌ನಲ್ಲಿ ಮೂರರ ಬದಲು ನಾಲ್ಕು ಎಂದು ಬರೆದಿದ್ದರು. ಡಿ ವಿಸೆಂಜೊ ಅದನ್ನು ಗಮನಿಸದೆ ಸಹಿ ಹಾಕಿದರು. ಸಹಿ ಮಾಡಿದ ಹೆಚ್ಚಿನ ಅಂಕಿಯೇ ಉಳಿಯುತ್ತದೆ ಎಂಬುದು ನಿಯಮವಾದ್ದರಿಂದ ಅದು 66 ಆಯಿತು, ಪ್ಲೇಆಫ್ ತಪ್ಪಿತು, ಬಾಬ್ ಗೋಲ್ಬಿ ಗೆದ್ದರು. ಡಿ ವಿಸೆಂಜೊ ದೂರಿಕೊಂಡದ್ದು ತನ್ನನ್ನೇ ಹೊರತು ಬರೆದವರನ್ನಲ್ಲ. ನನ್ನ ಅಭಿಪ್ರಾಯದಲ್ಲಿ ಆ ನಿಯಮ ಅನಗತ್ಯವಾಗಿ ಕ್ರೂರವಾದುದು. ಅದು ಬೇರೆ ಮಾತು.

ಈ ಕಥೆಗಳನ್ನು ಪ್ರಸಂಗಪೀಠದಿಂದ ಹೇಳುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ನಿಲ್ಲಿಸಲಾಗುವುದಿಲ್ಲ. ಅದೇ ಬಾಬಿ ಜೋನ್ಸ್, ಕ್ಲಿಫರ್ಡ್ ರಾಬರ್ಟ್ಸ್ ಅವರೊಂದಿಗೆ ಸೇರಿ ಅಗಸ್ಟಾ ನ್ಯಾಷನಲ್ ಕ್ಲಬ್ಬನ್ನು ಸ್ಥಾಪಿಸಿದರು. 1934ರಲ್ಲಿ ಆರಂಭವಾದ ಅಲ್ಲಿನ ಮಾಸ್ಟರ್ಸ್ ಟೂರ್ನಿಯಲ್ಲಿ ಒಬ್ಬ ಕಪ್ಪು ಆಟಗಾರನಿಗೆ ಅವಕಾಶ ಸಿಕ್ಕಿದ್ದು 1975ರಲ್ಲಿ, ಲೀ ಎಲ್ಡರ್ ಅವರಿಗೆ. ಅಷ್ಟು ವರ್ಷವೂ ಅಲ್ಲಿ ಬಿಳಿಯರ ಚೀಲ ಹೊತ್ತು ನಡೆದ ಕ್ಯಾಡಿಗಳು ಕಪ್ಪು ಜನರೇ ಆಗಿದ್ದರು. ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯರು ಬಂದದ್ದು 1990ರಲ್ಲಿ, ಮೊದಲ ಮಹಿಳೆಯರು ಬಂದದ್ದು 2012ರಲ್ಲಿ. ಚಾರ್ಲಿ ಸಿಫರ್ಡ್ 1967ರಲ್ಲೂ 1969ರಲ್ಲೂ ಅಮೆರಿಕದ ವೃತ್ತಿಪರ ಆಟಗಾರರ ಪಿಜಿಎ ಟೂರ್ನಿಗಳನ್ನು ಗೆದ್ದರೂ ಮಾಸ್ಟರ್ಸ್‌ನಿಂದ ಅವರಿಗೆ ಒಮ್ಮೆಯೂ ಕರೆ ಬರಲಿಲ್ಲ. ಯಾರ ಕಣ್ಣಿಗೂ ಬೀಳದ ಚೆಂಡಿನ ಅಲುಗಾಟ ತಪ್ಪೆಂದು ತೋರಿತು. ನಲವತ್ತು ವರ್ಷ ಎಲ್ಲರ ಕಣ್ಣೆದುರೇ ನಡೆದ ಅನ್ಯಾಯ ಮಾತ್ರ ಕ್ಲಬ್ಬಿನ ಪದ್ಧತಿಯೆಂದು ತೋರಿತು. ಮತ್ತಾಯ 23ರಲ್ಲಿ ಕರ್ತನು ಸೊಳ್ಳೆ ಸೋಸಿ ಒಂಟೆ ನುಂಗುವವರ ಕುರಿತು ಹೇಳಿದ್ದಕ್ಕೆ ಇದಕ್ಕಿಂತ ನೇರವಾದ ವ್ಯಾಖ್ಯಾನವನ್ನು ನಾನು ಓದಿಲ್ಲ.

ಈ ಒಂಟೆ ಹೊರಬಂದ ಬಗೆಯೂ ಗಮನಿಸಬೇಕಾದದ್ದು. ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘವಾದ ಪಿಜಿಎಯ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ಷರತ್ತು 1961ರ ನವೆಂಬರ್‌ವರೆಗೂ ಇತ್ತು. ಅದನ್ನು ತೆಗೆಸಿದ್ದರಲ್ಲಿ ಆಟಗಾರರ ಮನಸ್ಸಾಕ್ಷಿಗಿಂತ ದೊಡ್ಡ ಪಾತ್ರ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್ ಅವರದು; ಷರತ್ತು ಇರುವವರೆಗೆ ತಮ್ಮ ರಾಜ್ಯದ ಸಾರ್ವಜನಿಕ ಮೈದಾನಗಳು ನಿಮಗೆ ಸಿಗುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ರಾಜಕೀಯವೆಂದರೆ ಹೊಲಸು, ವಿಶ್ವಾಸಿಗಳು ಅದರಿಂದ ದೂರವಿರಬೇಕು ಎಂದು ಬೋಧಿಸುವ ಸಹೋದರರಿಗೆ ನಾನು ಈ ಸಂಗತಿಯನ್ನು ನೆನಪಿಸುತ್ತೇನೆ. ಚುನಾಯಿತ ಅಧಿಕಾರಿಯೊಬ್ಬರು ಕಾನೂನಿನ ಬಲದಿಂದ ಮಾಡಿದ್ದನ್ನು ಭಾನುವಾರದ ಆರಾಧನೆಗೆ ತಪ್ಪದೆ ಹೋಗುತ್ತಿದ್ದ ಎಷ್ಟೋ ಸಜ್ಜನ ಆಟಗಾರರು ಮಾಡಿರಲಿಲ್ಲ.

ಹಣದ ವಿಚಾರದಲ್ಲೂ ಹೀಗೆಯೇ ಆಯಿತು. 2022ರ ಜೂನ್‌ನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ದುಡ್ಡಿನಿಂದ ಲಿವ್ ಗಾಲ್ಫ್ ಎಂಬ ಪ್ರತಿಸ್ಪರ್ಧಿ ಸರಣಿ ಶುರುವಾದಾಗ, ಅಮೆರಿಕದ ವೃತ್ತಿಪರ ಟೂರ್ನಿಗಳನ್ನು ನಡೆಸುವ ಪಿಜಿಎ ಟೂರ್ ಅಲ್ಲಿಗೆ ಹೋದವರನ್ನು ಅಮಾನತು ಮಾಡಿತು. ಅದರ ಮುಖ್ಯಸ್ಥ ಜೇ ಮೊನಾಹನ್ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳ ನೋವನ್ನು ಎತ್ತಿ ಆಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, 2023ರ ಜೂನ್ 6ರಂದು, ಅದೇ ನಿಧಿಯೊಂದಿಗೆ ಒಪ್ಪಂದದ ಚೌಕಟ್ಟನ್ನು ಅವರೇ ಘೋಷಿಸಿದರು. ಜನ ತನ್ನನ್ನು ಕಪಟಿ ಎನ್ನುವರೆಂದು ಬಲ್ಲೆ ಎಂದೂ ಹೇಳಿದರು. ಟೂರ್‌ನ ಪರವಾಗಿ ವರ್ಷವಿಡೀ ವಾದಿಸಿದ್ದ ಆಟಗಾರ ರೋರಿ ಮೆಕ್‌ಲ್ರಾಯ್ ಮರುದಿನ ತಾನು ಬಲಿಯ ಕುರಿಮರಿಯಂತಾದೆ ಎಂಬರ್ಥದ ಮಾತಾಡಿದರು. ಸೌದಿ ಹಣ ಕೊಳಕೋ ಅಲ್ಲವೋ ಎಂಬ ವಾದ ಒಂದು ಕಡೆ ಇರಲಿ. ಕೊಳಕು ಎಂದು ಬೇರೆಯವರಿಗೆ ದಂಡ ಹಾಕಿದವರು ಅದೇ ಹಣ ತಮ್ಮ ಬಾಗಿಲಿಗೆ ಬಂದಾಗ ದಂಡದ ಲೆಕ್ಕವನ್ನೇ ಅಳಿಸಿದರು. ನಷ್ಟವಾದರೂ ಮಾತು ತಪ್ಪಬಾರದು ಎಂಬ ಕೀರ್ತನೆಯ ಅಳತೆ ಇಂತಹ ಸಂದರ್ಭಕ್ಕೇ ಇರುವುದು.

ಇನ್ನು ವಿಶ್ವಾಸಿಗಳಾದ ನಮ್ಮ ಸರದಿ. ಅಮೆರಿಕದ ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ 2011ರಲ್ಲಿ ಒಂದು ಪ್ರಶ್ನೆ ಕೇಳಿತ್ತು: ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದ ಜನಪ್ರತಿನಿಧಿ ಸಾರ್ವಜನಿಕ ಹೊಣೆಯನ್ನು ನೈತಿಕವಾಗಿ ನಿರ್ವಹಿಸಬಲ್ಲನೇ? ಬಿಳಿಯ ಸುವಾರ್ತಾ ಕ್ರೈಸ್ತರಲ್ಲಿ ಹೌದೆಂದವರು ಶೇ 30. 2016ರ ಚುನಾವಣೆಯ ಹೊತ್ತಿಗೆ ಅದು ಶೇ 72. ಆ ಐದು ವರ್ಷಗಳಲ್ಲಿ ಸತ್ಯವೇದದ ಒಂದು ವಚನವೂ ಬದಲಾಗಿರಲಿಲ್ಲ; ಬದಲಾಗಿದ್ದು ಅಭ್ಯರ್ಥಿ. ಇದು ಅಮೆರಿಕದ ಆ ಕ್ರೈಸ್ತರ ರೋಗ ಮಾತ್ರವೆಂದು ನಾನು ನಂಬುವುದಿಲ್ಲ. ನಮಗೆ ಬೇಕಾದವರು ಗದ್ದುಗೆಯಲ್ಲಿದ್ದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ, ಎಲ್ಲ ಅಧಿಕಾರವೂ ದೇವರಿಂದಲೇ ಎಂದು. ಬೇಡದವರು ಬಂದರೆ ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು. ಎರಡೂ ದೇವರ ವಾಕ್ಯವೇ ನಿಜ. ಆದರೆ ಯಾವ ವಾಕ್ಯ ಯಾವ ಪಕ್ಷಕ್ಕೆ ಎಂಬುದು ಚುನಾವಣಾ ಫಲಿತಾಂಶದ ಮೇಲೆ ನಿರ್ಧಾರವಾಗುತ್ತಿದ್ದರೆ ನಾವು ಓದುತ್ತಿರುವುದು ಗ್ರಂಥವನ್ನಲ್ಲ, ಮತ ಎಣಿಕೆಯನ್ನು.

ನಾವು ನಮ್ಮವರ ತಪ್ಪು ಹೇಳುತ್ತ ಕುಳಿತರೆ ಎದುರಾಳಿ ಗೆದ್ದುಬಿಡುತ್ತಾನೆ, ಅವನೇನು ತನ್ನವರ ತಪ್ಪು ಹೇಳುತ್ತಾನೆಯೇ ಎಂದು ಕೇಳುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಜೋನ್ಸ್ ಸೋತದ್ದು ಸರಿಯಾಗಿ ಆ ಒಂದು ಹೊಡೆತಕ್ಕೇ. ಆದರೆ ಗೆಲುವಿಗೆ ನಾವು ಕಟ್ಟುವ ಬೆಲೆಯ ಬಗ್ಗೆಯೂ ಯೋಚಿಸಬೇಕು. ತನ್ನ ವಿಶ್ವಾಸವನ್ನು ಮುಚ್ಚಿಡದ ಗಾಲ್ಫ್ ಆಟಗಾರ ಸ್ಕಾಟಿ ಶೆಫ್ಲರ್, 2025ರ ಜುಲೈನಲ್ಲಿ ರಾಯಲ್ ಪೋರ್ಟ್‌ರಶ್‌ನ ಓಪನ್‌ಗೆ ಮುಂಚೆ, ಗೆಲುವಿನ ಸಂತೋಷ ಇರುವುದು ಕೆಲವೇ ನಿಮಿಷ, ಅದು ಹೃದಯದ ಆಳವನ್ನು ತುಂಬುವುದಿಲ್ಲ ಎಂಬರ್ಥದಲ್ಲಿ ಮಾತಾಡಿದ್ದರು. ಆ ವಾರವೇ ಅವರು ಗೆದ್ದರು. ಪ್ರಸಂಗಿಯ ಎರಡನೆಯ ಅಧ್ಯಾಯವನ್ನು ಸೋತವನ ಬಾಯಿಂದ ಕೇಳುವುದಕ್ಕಿಂತ ಗೆಲ್ಲಬಲ್ಲವನ ಬಾಯಿಂದ ಕೇಳುವುದೇ ಮೇಲು.

ತನ್ನವರ ತಪ್ಪು ಹೇಳುವವನು ಪಕ್ಷ ಬಿಡಬೇಕಾಗಿಯೂ ಇಲ್ಲ. 2 ಸಮುವೇಲ 7ರಲ್ಲಿ ದಾವೀದನ ಮನೆತನ ಸ್ಥಿರವಾಗುವುದೆಂಬ ವಾಗ್ದಾನವನ್ನು ತಂದವನು ಪ್ರವಾದಿ ನಾತಾನ್. ದಾವೀದನು ಮಾಡಿಸಿದ ಊರೀಯನ ಕೊಲೆಯ ಬಳಿಕ, 12ನೆಯ ಅಧ್ಯಾಯದಲ್ಲಿ, ಕುರಿಮರಿಯ ಸಾಮ್ಯ ಹೇಳಿ ಆ ಮನುಷ್ಯನು ನೀನೇ ಎಂದವನೂ ಅವನೇ. ದಾವೀದನು ಮುಪ್ಪಾಗಿ ಹಾಸಿಗೆ ಹಿಡಿದಾಗ ಸೊಲೊಮೋನನ ಪಟ್ಟಾಭಿಷೇಕಕ್ಕಾಗಿ ಓಡಾಡಿದವನೂ ಅವನೇ. ಅದು 1 ಅರಸುಗಳ ಮೊದಲ ಅಧ್ಯಾಯದಲ್ಲಿದೆ. ರಾಜನನ್ನು ಅವನು ಬಿಟ್ಟುಹೋಗಲಿಲ್ಲ, ರಾಜನ ಪಾಪವನ್ನೂ ಬಿಟ್ಟುಕೊಡಲಿಲ್ಲ. ಅಭ್ಯರ್ಥಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ವೇದಿಕೆ ಹತ್ತುವ ಪಾಸ್ಟರುಗಳನ್ನು ಕಂಡಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಈ ಅಭ್ಯರ್ಥಿ ಗೆದ್ದ ಮೇಲೆ ಮಾಡಿದ ತಪ್ಪನ್ನು ಇದೇ ಪಾಸ್ಟರು ಅವನ ಮುಖಕ್ಕೆ ಹೇಳಿದ ದಾಖಲೆ ಎಲ್ಲಿಯಾದರೂ ಇದೆಯೇ? ಇದ್ದರೆ ಅವರು ಯಾರಿಗೆ ಮತ ಹಾಕಿ ಎನ್ನುತ್ತಾರೋ ಅದನ್ನೂ ಕೂತು ಕೇಳಲು ನಾನು ಸಿದ್ಧ.