ಅರವತ್ತೆರಡಕ್ಕೆ ಸಿಕ್ಕ ಪ್ರಶ್ನೆ

ತಿರುವಣ್ಣಾಮಲೈಯ ಸಂತ ರಮಣ ಮಹರ್ಷಿಗಳು ಹೇಳಿದ 'ನಾನು ಯಾರು' ಎಂಬ ಆತ್ಮವಿಚಾರದ ಬಗ್ಗೆ ಇಲ್ಲಿ ಒಬ್ಬರು ಬರೆದಿದ್ದಾರೆ, ಅವರಿಗೆ ಧನ್ಯವಾದ. ವಯಸ್ಸಾದ ಮೇಲೆ ಇದೆಲ್ಲ ಶುರು ಮಾಡಬಹುದಾ ಅಂತ ಅದನ್ನು ಓದಿದ ಇನ್ನೊಬ್ಬರು ಕೇಳಿದ್ದಾರೆ. ಖಂಡಿತ ಮಾಡಬಹುದು. ನನಗೆ ರಮಣರ ಮಾತು ಸಿಕ್ಕಾಗ ಅರವತ್ತೆರಡು ವರ್ಷ.

ಬೆಂಗಳೂರಿನಲ್ಲಿ ಮೇಖ್ರಿ ಸರ್ಕಲ್ ಹತ್ತಿರದ ರಮಣ ಮಹರ್ಷಿ ರಸ್ತೆಯಲ್ಲಿ ಎಷ್ಟೋ ವರ್ಷ ಬಸ್ಸಿನಲ್ಲಿ ಓಡಾಡಿದೆ. ಆ ಹೆಸರು ಯಾರದು ಅಂತ ಒಂದು ದಿನವೂ ಯೋಚಿಸಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ತಂಗಿ ಒಂದು ಸಣ್ಣ ಪುಸ್ತಕ ಕೊಟ್ಟಳು.

ಅದರಲ್ಲಿ ರಮಣರು ಹುಡುಗನಾಗಿದ್ದಾಗಿನ ಕಥೆ ಇತ್ತು. 1896ರಲ್ಲಿ, ಮದುರೆಯ ಮನೆಯಲ್ಲಿ, ಹದಿನಾರರ ಹುಡುಗನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ. ಅವನು ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಣದಂತೆ ಮಲಗಿ, ಸಾಯುವುದು ಯಾವುದು ಅಂತ ನೋಡಿದ. ಅದನ್ನು ಓದಿ ಅತ್ತುಬಿಟ್ಟೆ.

ಒಂದು ಮಾತು ಸೇರಿಸಬೇಕು. 'ನಾನು ಯಾರು' ಅನ್ನುವುದನ್ನು ತುಂಬಾ ಜನ ಜಪದ ಹಾಗೆ ಹೇಳುತ್ತಾರೆ. ಮೊದಲು ನಾನೂ ಹಾಗೇ ಮಾಡಿದೆ. ಅದು ಜಪ ಅಲ್ಲ. ದುಃಖ ಬಂತು, ಯಾರಿಗೆ? ನನಗೆ. ಆ 'ನಾನು' ಎಲ್ಲಿಂದ ಏಳುತ್ತದೆ ಅಂತ ಸುಮ್ನೆ ನೋಡುವುದು, ಅಷ್ಟೇ. ನನ್ನ ದುಃಖ ಹೋಗಿಲ್ಲ, ಆದರೆ ಅದರ ಹಿಡಿತ ಸಡಿಲಾಗಿದೆ.

ಹೋದ ವರ್ಷ ರಮಣರ ಆಶ್ರಮ ಇರುವ ತಿರುವಣ್ಣಾಮಲೈಗೆ ಹೋಗಿದ್ದೆ. ಮಂಡಿನೋವು, ಅರುಣಾಚಲ ಬೆಟ್ಟದ ಸುತ್ತ ಹದಿನಾಲ್ಕು ಕಿಲೋಮೀಟರ್ ಗಿರಿಪ್ರದಕ್ಷಿಣೆ ಆಗಲಿಲ್ಲ. ಆಶ್ರಮದಲ್ಲಿ ರಮಣರಿಗೆ ಪ್ರಿಯವಾಗಿದ್ದ ಲಕ್ಷ್ಮಿ ಎಂಬ ಹಸುವಿನ ಸಮಾಧಿ ಇದೆ, ಅದರ ಹತ್ತಿರವೇ ತುಂಬಾ ಹೊತ್ತು ಕೂತಿದ್ದೆ.