ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಯಾಕೆ ಬಿಡುತ್ತಾನೆ?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ನನ್ನ ಫೇಸ್‌ಬುಕ್ ತುಂಬ ಅಲ್ಲಿನ ಜಾತಿಲುವಿ ಎಂಬ ಊರಿನ ಮೆಟ್ಟಿಲು ಗದ್ದೆಗಳದ್ದೇ ಫೋಟೊ. ಫೋಟೊದ ಕೆಳಗೆ ಒಂದೇ ರಾಗ: ದೇವರು, ಮನುಷ್ಯ, ಪ್ರಕೃತಿ ಮೂರರ ಸಾಮರಸ್ಯ. ಗೈಡ್‌ಗಳು ಹೇಳುವುದೂ ಅದನ್ನೇ. 2012ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ತ್ರಿ ಹಿತ ಕರಣ ಎಂಬ ತತ್ವದ ಹೆಸರಿನಲ್ಲೇ. ಕೇಳೋಕೆ ಚೆನ್ನಾಗಿದೆ. ಆದರೆ ಈ ಸಾಮರಸ್ಯದ ಮಾತು ಬಾಲಿಯ ರೈತರ ಜಾಣತನವನ್ನು ಮುಚ್ಚಿಹಾಕುತ್ತದೆ ಅನ್ನೋದು ನನ್ನ ತಕರಾರು. ಅಲ್ಲಿ ನಡೆಯುವುದು ಪಕ್ಕಾ ವ್ಯವಹಾರ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಯವರ ಸಂಘಕ್ಕೆ ಸುಬಾಕ್ ಅಂತಾರೆ. ಇದು ಊರಿನ ಸಂಘ ಅಲ್ಲ. ನಿಮ್ಮ ಮನೆ ಯಾವ ಊರಲ್ಲಾದರೂ ಇರಲಿ, ಗದ್ದೆಗೆ ಯಾವ ಕಾಲುವೆಯ ನೀರು ಬರುತ್ತದೋ ಆ ಸುಬಾಕಿಗೆ ನೀವು ಸೇರಿದವರು. ಇಡೀ ದ್ವೀಪದಲ್ಲಿ ಇಂಥವು ಸುಮಾರು 1,200 ಇವೆ, ಒಂದೊಂದರಲ್ಲಿ 50ರಿಂದ 400 ರೈತರು. ಪೆಕಾಸೆಹ್ ಎಂಬ ಮುಖಂಡರನ್ನು ರೈತರೇ ಆರಿಸುತ್ತಾರೆ. ಕಟ್ಟುಪಾಡುಗಳಿವೆ, ಕಾಲುವೆ ಹೂಳು ತೆಗೆಯೋಕೆ ಬಾರದವರಿಗೆ ದಂಡ ಇದೆ. 11ನೇ ಶತಮಾನದ ಶಾಸನದಲ್ಲೇ ಈ ವ್ಯವಸ್ಥೆಯ ಹೆಸರು ಬರುತ್ತದೆ.

ನೀರು ಹಂಚುವ ರೀತಿ ನನಗೆ ತುಂಬಾ ಇಷ್ಟ. ಕಾಲುವೆ ಕವಲೊಡೆಯುವ ಕಡೆ ನೀರಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ. ಅದರಲ್ಲಿ ಕೊರೆದ ಕಚ್ಚುಗಳು. ಕಚ್ಚುಗಳ ಆಳ ಒಂದೇ, ಅಗಲ ಮಾತ್ರ ಬೇರೆ ಬೇರೆ. ಎರಡು ಪಾಲಿನವರಿಗೆ ಎರಡರಷ್ಟು ಅಗಲ. ಹೊಳೆಯಲ್ಲಿ ನೀರು ಹೆಚ್ಚಿದರೂ ಇಳಿದರೂ ಪಾಲಿನ ಲೆಕ್ಕ ತಪ್ಪುವುದಿಲ್ಲ. ಮೀಟರ್ ಬೇಡ, ಇಂಜಿನಿಯರ್ ಬೇಡ, ರಾತ್ರಿ ಕಾವಲೂ ಅಷ್ಟಾಗಿ ಬೇಡ. ಯಾರಾದರೂ ಕಚ್ಚು ಅಗಲ ಮಾಡಿದರೆ ಬದುವಿನ ಮೇಲೆ ನಡೆದುಹೋಗುವ ಯಾರಿಗಾದರೂ ಗೊತ್ತಾಗಿಬಿಡುತ್ತದೆ.

ಸರಿ, ಆದರೆ ಅಸಲು ಪ್ರಶ್ನೆ ಹಾಗೇ ಉಳಿಯಿತು. ಗುಡ್ಡದ ಮೇಲಿನ ಗದ್ದೆಯವನಿಗೆ ನೀರು ಮೊದಲು ಸಿಗುತ್ತದೆ. ತನಗೆ ಬೇಕಾದಾಗ ಬೇಕಾದಷ್ಟು ತಗೊಂಡು, ಮಿಕ್ಕಿದ್ದನ್ನು ಕೆಳಗೆ ಬಿಟ್ಟರೆ ಅವನನ್ನು ಕೇಳೋರು ಯಾರು? ದೇವರಿಗೆ ಹೆದರಿ ಬಿಡ್ತಾನೆ ಅನ್ನೋದನ್ನು ನಾನಂತೂ ನಂಬಲ್ಲ. ದೇವರಿಗೆ ಕೈಮುಗಿದು ಪಕ್ಕದವನ ಬದು ಒತ್ತುವವರನ್ನು ನಾವೆಲ್ಲ ನೋಡಿಲ್ವಾ?

ಉತ್ತರ ಹುಳದಲ್ಲಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೊತೆಗಾರರು ಬಾಲಿಯ ರೈತರನ್ನು ಕೇಳಿದರು: ನಿಮಗೆ ಜಾಸ್ತಿ ತೊಂದರೆ ಯಾವುದರಿಂದ, ನೀರಿನ ಕೊರತೆಯಿಂದಲೋ ಕೀಟದಿಂದಲೋ? ಕೆಳಗಿನವರು ಹೆಚ್ಚಾಗಿ ನೀರು ಅಂದರು, ಮೇಲಿನವರು ಕೀಟ ಅಂದರು. ಇಡೀ ಗುಟ್ಟು ಇಷ್ಟೇ. ಅಕ್ಕಪಕ್ಕದವರೆಲ್ಲ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಜಿಗಿಹುಳುವಿಗೆ, ಇಲಿಗೆ ತಿನ್ನೋಕೆ ಏನೂ ಇರುವುದಿಲ್ಲ. ಒಬ್ಬರ ಗದ್ದೆಯಲ್ಲಿ ಪೈರು, ಇನ್ನೊಬ್ಬರ ಗದ್ದೆಯಲ್ಲಿ ಕೂಳೆ ಇದ್ದರೆ ಹುಳು ಇಲ್ಲಿಂದ ಅಲ್ಲಿಗೆ ಓಡಾಡಿಕೊಂಡು ವರ್ಷಪೂರ್ತಿ ಬದುಕುತ್ತದೆ. ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಬೇಕಾದರೆ ಕೆಳಗಿನವರಿಗೂ ಸಮಯಕ್ಕೆ ನೀರು ಸಿಗಬೇಕು. ಅಂದರೆ ಕೆಳಗಿನವನ ಕೈಯಲ್ಲೂ ಒಂದು ದಾಳ ಇದೆ. ನೀನು ನೀರು ಕೊಡದಿದ್ದರೆ ನಾನು ನನಗೆ ಬೇಕಾದಾಗ ನಾಟಿ ಮಾಡುತ್ತೇನೆ, ಹುಳು ನಿನ್ನ ಗದ್ದೆಗೂ ಬರುತ್ತದೆ, ನೋಡಿಕೋ!

ಈ ಚೌಕಾಸಿ ನಡೆಯುವ ಜಾಗವೇ ನೀರಿನ ಗುಡಿ. ಒಂದೊಂದು ಹಂತಕ್ಕೂ ಗುಡಿಯಿದೆ. ಒಂದು ಸುಬಾಕಿನ ಗುಡಿ, ಹಲವು ಸುಬಾಕ್‌ಗಳು ಸೇರುವ ಗುಡಿ, ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ದೇವತೆ ದೇವಿ ದಾನುವಿನ ಗುಡಿ. ಬಾತುರ್ ಜ್ವಾಲಾಮುಖಿಯ ಬಾಯೊಳಗಿನ ಕೆರೆ. ಅದರಿಂದ ಯಾವ ಹೊಳೆಯೂ ಹೊರಗೆ ಹರಿಯುವುದಿಲ್ಲ. ಕೆಳಗಿನ ಬುಗ್ಗೆಗಳೆಲ್ಲ ಇದೇ ಕೆರೆಯ ನೀರು ಅಂತ ರೈತರ ನಂಬಿಕೆ. ಹೊಸ ಕಾಲುವೆ ತೆಗೆಯಬೇಕೋ, ಇಬ್ಬರ ನಡುವೆ ನೀರಿನ ಜಗಳವೋ, ಬಾತುರಿನ ದೊಡ್ಡ ಅರ್ಚಕರ ಹತ್ತಿರ ಹೋಗುತ್ತಾರೆ. ಇಷ್ಟಾದರೂ ಗುಡಿ ಅಂದರೆ ಬರೀ ನಾಟಕ ಅಂತ ನಾನು ಹೇಳುತ್ತಿಲ್ಲ. ಪೂಜೆ ನಿಜ, ಭಕ್ತಿಯೂ ನಿಜ. ಆದರೆ ಪೂಜೆಗೆ ಬಂದವರು ಯಾವಾಗ ನಾಟಿ ಅಂತ ತೀರ್ಮಾನಿಸಿಕೊಂಡೇ ಏಳುತ್ತಾರೆ.

ಇದನ್ನು ಹೊರಗಿನವರು ಅರ್ಥ ಮಾಡಿಕೊಳ್ಳದೆ ಏನಾಯಿತು ಅನ್ನೋದು 1970ರ ದಶಕದ ಕಥೆ. ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಔಷಧಿ, ಜೊತೆಗೆ ಸರ್ಕಾರದ ಒತ್ತಾಯ: ಗದ್ದೆ ಖಾಲಿ ಬಿಡಬೇಡಿ, ಎಷ್ಟು ಸಲ ಆಗುತ್ತೋ ಅಷ್ಟು ಸಲ ಬೆಳೆಯಿರಿ. ಗುಡಿಯ ವೇಳಾಪಟ್ಟಿ ಮೂಲೆ ಸೇರಿತು. ಮೊದಲು ಇಳುವರಿ ಏರಿತು. ಆಮೇಲೆ ಕಂದು ಜಿಗಿಹುಳು ಬಂತು. ಅದನ್ನು ತಡೆಯುವ ಐಆರ್36 ಎಂಬ ಭತ್ತದ ತಳಿ ತಂದರು, ಅದಕ್ಕೆ ತುಂಗ್ರೋ ರೋಗ ಬಂತು. ಅದಕ್ಕೊಂದು ತಳಿ ತಂದರು, ಅದಕ್ಕೆ ಇನ್ನೊಂದು ರೋಗ. ಇದರ ನಡುವೆಯೇ 1979ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ನೀರಾವರಿ ಯೋಜನೆ ಶುರುವಾಯಿತು. ಕಚ್ಚಿನ ದಿಮ್ಮಿ ಇದ್ದ ಕಡೆ ಏರಿಸಿ ಇಳಿಸುವ ಗೇಟುಗಳು ಬಂದವು. ಗೇಟು ಏರಿಸುವವನು ಎಷ್ಟು ಏರಿಸಿದ ಅಂತ ಯಾರು ಲೆಕ್ಕ ಇಡುತ್ತಾರೆ? ರೈತರು ಕೆಲವು ಕಡೆ ಗೇಟುಗಳನ್ನೇ ಕಿತ್ತುಹಾಕಿದರು. ಕೊನೆಗೆ ಹಳೆಯ ಪದ್ಧತಿಯನ್ನು ಅರಿಯದೆ ಹೋದದ್ದು ದುಬಾರಿಯಾಯಿತು ಅಂತ ಬ್ಯಾಂಕಿನ ವರದಿಯೇ ಒಪ್ಪಿಕೊಂಡಿತು.

ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಓಸ್ ಮತ್ತು ಪೆಟಾನು ಹೊಳೆಗಳ 172 ಸುಬಾಕ್‌ಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದರು. ಮೊದಲು ಪ್ರತಿ ಸುಬಾಕೂ ಮನಸ್ಸಿಗೆ ಬಂದಾಗ ನಾಟಿ ಮಾಡುತ್ತದೆ. ಮುಂದಿನ ವರ್ಷ ಪಕ್ಕದಲ್ಲಿ ಯಾರಿಗೆ ಹೆಚ್ಚು ಬೆಳೆ ಬಂತೋ ಅವರನ್ನು ನೋಡಿ ಕಲಿಯುತ್ತದೆ. ನಿಯಮ ಅಷ್ಟೇ. ಕೆಲವೇ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಮೂಡಿದ ಗುಂಪುಗಳು ನಿಜವಾದ ನೀರಿನ ಗುಡಿಗಳ ಗುಂಪುಗಳನ್ನೇ ಹೋಲುತ್ತಿದ್ದವು! ರಾಜ ಹೇಳಿ ಮಾಡಿಸಿದ್ದಲ್ಲ, ಋಷಿಗಳು ಕಂಡ ದರ್ಶನವೂ ಅಲ್ಲ. ಪಕ್ಕದ ಗದ್ದೆ ನೋಡಿ ಕಲಿತಿದ್ದು. "ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು" ಅಂತ ಫಾರ್ವರ್ಡ್ ಮಾಡುವವರು ಇದನ್ನು ದಯವಿಟ್ಟು ಗಮನಿಸಿ.

ನಮ್ಮ ತುಂಗಭದ್ರಾ ಎಡದಂಡೆಯಲ್ಲಿ ಮೇಲಿನವರು ಭತ್ತ ಬೆಳೆದು, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯುವುದನ್ನು ನೋಡಿದಾಗೆಲ್ಲ ಈ ಚೌಕಾಸಿ ನೆನಪಾಗುತ್ತದೆ. ನಮ್ಮಲ್ಲಿ ಕೊನೆಯವನ ಕೈಯಲ್ಲಿ ಮನವಿಪತ್ರ ಬಿಟ್ಟರೆ ಬೇರೇನೂ ಇಲ್ಲ. ಗೇಟಿನ ಬೀಗ ಇಲಾಖೆಯ ಹತ್ತಿರ.

ಬಾಲಿಯಲ್ಲೂ ಈಗ ಎಲ್ಲ ಸರಿಯಿದೆ ಅಂತಲ್ಲ. ಗದ್ದೆಗಳ ನಡುವೆ ವಿಲ್ಲಾಗಳು ಎದ್ದಿವೆ, ಹೋಟೆಲುಗಳು ನೀರು ಎಳೆಯುತ್ತಿವೆ, ಮಕ್ಕಳಿಗೆ ಗದ್ದೆಗಿಂತ ಹೋಟೆಲಿನ ಕೆಲಸವೇ ವಾಸಿ ಅನ್ನಿಸುತ್ತಿದೆ. ಅದರಲ್ಲಿ ತಪ್ಪೇನಿದೆ? ಆದರೆ ಮೇಲಿನ ಗದ್ದೆಯನ್ನು ರೈತ ಬಿಟ್ಟು ಹೋಟೆಲಿನವನು ತಗೊಂಡಾಗ ಹಳೆಯ ಲೆಕ್ಕ ತಲೆಕೆಳಗಾಗುತ್ತದೆ. ಹೋಟೆಲಿನವನಿಗೆ ಜಿಗಿಹುಳುವಿನ ಭಯ ಇಲ್ಲವಲ್ಲ. ಅವನನ್ನು ಕೆಳಗಿನವರು ಯಾವ ದಾಳ ಇಟ್ಟು ಬಗ್ಗಿಸುತ್ತಾರೆ? ತ್ರಿ ಹಿತ ಕರಣದ ಬೋರ್ಡು ಅವನ ಗೋಡೆಯ ಮೇಲೂ ಇರುತ್ತದೆ.

ಗಂಗಾವತಿ, ಸಿಂಧನೂರು ಕಡೆಯವರು ಓದುತ್ತಿದ್ದರೆ ಒಂದು ಪ್ರಶ್ನೆ. ಜಿಗಿಹುಳು ಜಾಸ್ತಿಯಾದ ವರ್ಷ ಒಂದೇ ಕಾಲುವೆಯವರು ಮಾತಾಡಿಕೊಂಡು ಒಟ್ಟಿಗೆ ನಾಟಿ ಮಾಡಿದ್ದು, ಇಲ್ಲಾ ಒಂದು ಬೆಳೆ ಬಿಟ್ಟಿದ್ದು ಉಂಟಾ? ಉಂಟು ಅಂದರೆ ಮೊದಲು ಮಾತು ತೆಗೆದವರು ಯಾರು, ಮೇಲಿನವರಾ ಕೆಳಗಿನವರಾ?