ಸ್ಪಷ್ಟನೆ: ಫೋರ್ಡ್ ಮಾಡೆಲ್ ಟಿ ಕಾರು ಬರೀ ಕಪ್ಪು ಬಣ್ಣದಲ್ಲೇ ಬರುತ್ತಿತ್ತೇ?

'ಮಾಡೆಲ್ ಟಿ ಕಾರ್ಖಾನೆಯಿಂದ ಹೊರಬಿದ್ದದ್ದೆಲ್ಲ ಕಪ್ಪು. ಬೇರೆ ಬಣ್ಣ ಕಂಡರೆ ಅದು ಆಮೇಲೆ ಬಳಿದದ್ದು' ಎಂಬ ಮಾತು ಹಳೇ ಕಾರು ಹುಡುಕುವವರ ನಡುವೆ ಓಡಾಡುತ್ತಿದೆ. ಇದು ಅರ್ಧ ಸತ್ಯ.

1908ರಲ್ಲಿ ಮಾಡೆಲ್ ಟಿ ಬಂದಾಗ ಬಣ್ಣದ ಪಟ್ಟಿಯಲ್ಲಿ ಕಪ್ಪು ಇರಲೇ ಇಲ್ಲ. ಮೊದಲ ವರ್ಷಗಳ ಕಾರುಗಳು ಬೂದು, ಕೆಂಪು, ಕಡು ಹಸಿರು, ಕಡು ನೀಲಿ ಬಣ್ಣದವು. 'ಕಪ್ಪಾಗಿರುವವರೆಗೆ ಯಾವ ಬಣ್ಣ ಬೇಕಾದರೂ ಕೊಳ್ಳಿ' ಎಂದು 1909ರಲ್ಲೇ ಹೇಳಿದ್ದಾಗಿ ಕಂಪನಿಯ ಸ್ಥಾಪಕ ಹೆನ್ರಿ ಫೋರ್ಡ್ 1922ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಆ ವರ್ಷ ಅವರ ಕಾರ್ಖಾನೆ ಮಾರುತ್ತಿದ್ದದ್ದು ಬೇರೆ ಬಣ್ಣದ ಕಾರುಗಳನ್ನು!

ಕಪ್ಪೊಂದೇ ಎಂಬ ನಿಯಮ ನಡೆದದ್ದು 1914ರಿಂದ 1925ರವರೆಗೆ. ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣಾ ಸಾಲು (ಸಾಗುತ್ತಿರುವ ಕಾರಿಗೆ ಕೆಲಸಗಾರರು ನಿಂತಲ್ಲೇ ಭಾಗ ಜೋಡಿಸುವ ವ್ಯವಸ್ಥೆ) ಶುರುವಾಗಿ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ (ಕಾರಿನ ಅಡಿಚೌಕಟ್ಟು) ಜೋಡಣೆ ಒಂದೂವರೆ ಗಂಟೆಗೆ ಇಳಿದಿತ್ತು. ಆ ವೇಗಕ್ಕೆ ಅಗ್ಗದ, ಬಾಳಿಕೆಯ ಒಂದೇ ಬಣ್ಣ ಹೊಂದುತ್ತಿತ್ತು. ಒಟ್ಟು ಒಂದೂವರೆ ಕೋಟಿ ಕಾರುಗಳಲ್ಲಿ ಬಹುಪಾಲು ತಯಾರಾದದ್ದು ಈ ಅವಧಿಯಲ್ಲೇ. ತಪ್ಪು ಕಲ್ಪನೆಯ ಬೇರು ಅಲ್ಲಿದೆ. ಇತ್ತ ಪ್ರತಿಸ್ಪರ್ಧಿ ಕಂಪನಿ ಜನರಲ್ ಮೋಟರ್ಸ್ ಡ್ಯೂಕೋ ಲ್ಯಾಕರ್ ಎಂಬ ಬೇಗ ಒಣಗುವ ಬಣ್ಣದ ಲೇಪ ಬಳಸಿ ಬಣ್ಣಬಣ್ಣದ ಕಾರು ಮಾರತೊಡಗಿತು. 1926ರ ಮಾದರಿಗಳಲ್ಲಿ ಫೋರ್ಡ್ ಕೂಡ ಬಣ್ಣಕ್ಕೆ ಮರಳಿತು.

ಹಾಗಾಗಿ ಕೊಟ್ಟಿಗೆಯಲ್ಲಿ ಸಿಕ್ಕ 1911ರ ಕಾರಿನ ಕಪ್ಪು ಪದರದಡಿ ನೀಲಿ ಕಂಡರೆ ಉಜ್ಜಿ ತೆಗೆಯಬೇಡಿ. ಆ ಕಾರಿನ ಮಟ್ಟಿಗೆ ಆಮೇಲೆ ಬಳಿದದ್ದು ಕಪ್ಪೇ.